ಮಧ್ಯಾಹ್ನದ ಬ್ರೆಡ್

ಕರೆಂಟ್ ಬಿಲ್ಲು ಬಂದ ದಿನ ಆ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಓವನ್ನಿನ ಮುಖವನ್ನೇ ನೋಡುತ್ತಿದ್ದರು. ಅಡುಗೆಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ, ಬೀದಿಗೆ ತೆರೆಯುವ ಕಿಟಕಿಯ ಪಕ್ಕ, ಬೀರುವಿನಷ್ಟು ಎತ್ತರಕ್ಕೆ ನಿಂತಿದ್ದ ಆ ಓವನ್ ಸೊಸೆಯದು. ಬೆಳಗಿನ ಜಾವ ಎದ್ದು ಬ್ರೆಡ್ ಬೇಯಿಸಿ, ಬೀದಿಯವರು ಹಲ್ಲುಜ್ಜಿ ಬರುವಷ್ಟರಲ್ಲಿ ಅದೇ ಕಿಟಕಿಯಿಂದ ಮಾರಿ ಮುಗಿಸುವುದು ಅವಳ ಕಸುಬು. ಮೊದಮೊದಲು ಮೂಗು ಮುರಿದಿದ್ದ ಅಜ್ಜಿಯೂ ಈಗ ಬ್ರೆಡ್ಡಿನ ತುದಿಯ ಗಟ್ಟಿ ತುಂಡು ತನಗೇ ಬೇಕೆಂದು ಹಟ ಹಿಡಿಯುತ್ತಿದ್ದರು.

"ಇದು ಓವನ್ನಲ್ಲ, ಬಕಾಸುರ," ಎಂದ ಮಗ, ತಟ್ಟೆಯ ಪಕ್ಕ ಬಿಲ್ಲು ಇಟ್ಟು. ಅವನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. "ದುಡಿದಿದ್ದೆಲ್ಲ ಇದರ ಹೊಟ್ಟೆಗೇ ಹಾಕ್ತಿದ್ದೀಯ. ದೊಡ್ಡ ಬೇಕರಿಯವರು ಕರೀತಿದ್ದಾರಲ್ಲ, ಹೋಗಬಾರದಾ? ಓವನ್ನೂ ಅವರೇ ಕೊಂಡ್ಕೋತಾರಂತೆ."

"ಅಲ್ಲಿ ಹೋದ್ರೆ ನಾನು ಅವರ ಬ್ರೆಡ್ ಮಾಡ್ಬೇಕು ರೀ. ಅವರದ್ದು ಬರೀ ಗಾಳಿ, ಅದುಮಿದ್ರೆ ಅಂಗೈಯಲ್ಲಿ ಮುದುಡಿಹೋಗುತ್ತೆ."

"ಸಂಬಳ ಗಾಳಿಯಲ್ಲವಲ್ಲ."

ಸೊಸೆ ಎದ್ದು ಹೋಗಿ ಓವನ್ನಿನ ಗಾಜು ಒರೆಸತೊಡಗಿದಳು. ಒರೆಸುವಂಥದ್ದು ಅದರಲ್ಲೇನೂ ಇರಲಿಲ್ಲ. ಊಟ ಮಾಡುತ್ತಿದ್ದ ತಾತ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದರು.

ತಾತನನ್ನು ಬೀದಿಯವರು ಕರೆಯುತ್ತಿದ್ದುದು ಮೈಲೇಜ್ ತಾತ ಎಂದು. ನಿವೃತ್ತಿಯಾಗುವವರೆಗೂ ಬಸ್ ಡ್ರೈವರು. ಡೀಸೆಲ್ ಉಳಿಸುವುದರಲ್ಲಿ ಅವರನ್ನು ಮೀರಿಸುವವರು ಡಿಪೋದಲ್ಲಿ ಹುಟ್ಟಿರಲಿಲ್ಲ. ಈಗ ಅವರೆಲ್ಲ ಉಣ್ಣುತ್ತಿದ್ದ ಸ್ಟೀಲ್ ತಟ್ಟೆಗಳೂ ಅದಕ್ಕೆ ಡಿಪೋ ಕೊಟ್ಟ ಬಹುಮಾನವೇ. ಸ್ಟೇರಿಂಗ್ ಬಿಟ್ಟರೂ ಚಾಳಿ ಬಿಟ್ಟಿರಲಿಲ್ಲ. ಯಾರಾದರೂ ಕೋಣೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಹಿಂದೆಯೇ ಟಪ್ ಎಂದು ಸ್ವಿಚ್ ಆರುತ್ತಿತ್ತು. ಬಚ್ಚಲಲ್ಲಿ ಸೋಪು ಹಚ್ಚಿಕೊಂಡ ಮೊಮ್ಮಗಳು ಪುಟ್ಟಿ ಕತ್ತಲಲ್ಲಿ "ತಾತಾ, ನಾನಿನ್ನೂ ಒಳಗಿದ್ದೀನಿ!" ಎಂದು ಕಿರುಚುವುದು ದಿನಾ ಇದ್ದದ್ದೇ.

ಮೂರನೆಯ ದಿನ ಚಹಾದ ಹೊತ್ತಿಗೆ ಸೊಸೆಯೇ ಮಾತು ತೆಗೆದಳು. "ಮೇಲೊಂದು ರೂಮು ಕಟ್ಟಿಸೋಕೆ ಅಂತ ದುಡ್ಡಿಟ್ಟಿದ್ದೀವಲ್ಲ, ಅದರಲ್ಲಿ ಸೋಲಾರ್ ಹಾಕ್ಸೋಣ. ತಾರಸಿ ಹೇಗೂ ಖಾಲಿ ಬಿದ್ದಿದೆ."

"ರೂಮು?" ಎಂದ ಮಗ. ಆ ರೂಮಿನ ಕನಸು ಅವನದು. ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಕ್ರಿಕೆಟ್ ನೋಡುವುದಕ್ಕೆ.

"ರೂಮಲ್ಲಿ ಬ್ರೆಡ್ ಬೇಯಲ್ಲ," ಎಂದರು ಅಜ್ಜಿ.

ಬಹಳ ಹೊತ್ತು ಎಳೆದಾಡಿ ಕೊನೆಗೆ ಒಂದು ರಾಜಿಯಾಯಿತು. ಸೋಲಾರಿನಿಂದ ಓವನ್ ನಡೆಯುತ್ತದೆ ಎಂದು ಗೊತ್ತಾದರೆ ದುಡ್ಡು ತಾರಸಿಗೆ. ನಡೆಯುವುದಿಲ್ಲ ಎಂದಾದರೆ ಓವನ್ ಬೇಕರಿಗೆ, ಸೊಸೆಯೂ ಬೇಕರಿಗೆ. ಬೇಕರಿಯ ಮಾಲೀಕ ಮುಂದಿನ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದ.

ಅಳತೆಗೆ ಬಂದವಳು ತಲೆಗೆ ಟೋಪಿ, ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಇಂಜಿನಿಯರು. ಪುಟ್ಟಿ ಅವಳಿಗೆ ಆಗಿಂದಾಗಲೇ ಸೋಲಾರ್ ಆಂಟಿ ಎಂದು ಹೆಸರಿಟ್ಟಳು. ಅವಳು ಮೊದಲು ತಾರಸಿಗೆ ಹೋಗಲಿಲ್ಲ, ಅಡುಗೆಮನೆಗೆ ಹೋದಳು. ಚೀಲದಿಂದ ಅಂಗೈಯಷ್ಟಗಲದ ಸಣ್ಣ ಮೀಟರುಗಳನ್ನು ತೆಗೆದು ಫ್ರಿಜ್ಜಿಗೊಂದು, ವಾಷಿಂಗ್ ಮಷಿನ್ನಿಗೊಂದು, ಗೀಸರಿಗೊಂದು ಸಿಕ್ಕಿಸಿದಳು. ಓವನ್ನಿಗೆ ಬೇರೆಯೇ ದೊಡ್ಡದು.

"ಯಾವುದು ಎಷ್ಟು ಕರೆಂಟ್ ತಿನ್ನುತ್ತೆ, ಯಾವ ಹೊತ್ತಲ್ಲಿ ತಿನ್ನುತ್ತೆ ಅಂತ ಇವು ನೆನಪಿಟ್ಕೋತವೆ. ಒಂದು ವಾರ ಬಿಟ್ಟು ಬರ್ತೀನಿ. ಯಾರಾದ್ರೂ ಒಬ್ಬರು ನಿಗಾ ಇಟ್ಟಿರಿ, ಪ್ಲಗ್ ಸಡಿಲ ಆಗದ ಹಾಗೆ."

"ನಾನಿದ್ದೀನಿ," ಎಂದರು ತಾತ, ಎದೆ ಮುಂದೆ ಮಾಡಿ.

ಸೊಸೆಗೆ ಸಮಾಧಾನವಾಯಿತು. "ಮಾವ ನೋಡ್ಕೊಂಡ್ರೆ ಚಿಂತೆಯಿಲ್ಲ," ಎಂದಳು. ಆ ಒಂದು ಮಾತಿಗೆ ತಾತ ಉಬ್ಬಿಹೋದರು. ಓವನ್ ಉಳಿಯಲಿ ಎಂಬುದು ಅವರ ಒಳಗಿನ ಆಸೆಯೂ ಆಗಿತ್ತು. ಸೊಸೆ ಬೇಕರಿಗೆ ಹೋದರೆ ಬೆಳಗಿನ ಆ ಘಮ ಹೋಗುತ್ತದೆ, ಕಿಟಕಿಯ ಬಳಿ ನಾಲ್ಕು ಜನ ಸೇರಿ ಹರಟುವುದೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಕೈಕೆಳಗೆ ಆ ಹುಡುಗಿ ತಲೆತಗ್ಗಿಸಿ ನಿಲ್ಲುವುದು ಅವರಿಗೆ ಬೇಕಿರಲಿಲ್ಲ.

ಆದರೆ ತಾತನ ತಲೆಯಲ್ಲಿ ಅಳತೆ ಎಂದರೆ ಒಂದೇ ಅಳತೆ. ಡಿಪೋದಲ್ಲಿ ಮೈಲೇಜ್ ಪರೀಕ್ಷೆಗೆ ಇನ್‌ಸ್ಪೆಕ್ಟರು ಬಸ್ ಹತ್ತಿದ ದಿನ ಅವರು ಪ್ರಯಾಣಿಕರಿಗೆ ನಿದ್ದೆ ಬರುವಷ್ಟು ಮೆಲ್ಲಗೆ ಓಡಿಸುತ್ತಿದ್ದರು. ಈಗ ಮನೆಗೇ ಇನ್‌ಸ್ಪೆಕ್ಟರು ಬಂದ ಹಾಗಾಗಿತ್ತು. ಲೆಕ್ಕ ಕಡಿಮೆ ಬಂದಷ್ಟೂ ಮನೆಗೆ ಮರ್ಯಾದೆ, ಓವನ್ನಿಗೆ ಆಯುಸ್ಸು ಎಂದು ಅವರು ಬಲವಾಗಿ ನಂಬಿದರು. ಯಾರನ್ನೂ ಕೇಳಲಿಲ್ಲ.

ಆ ವಾರ ಮನೆಯ ಪಾಡು ಹೇಳತೀರದು.

"ತಣ್ಣೀರಲ್ಲಿ ಸ್ನಾನ ಮಾಡಿದ್ರೆ ಬುದ್ಧಿ ಚುರುಕಾಗುತ್ತೆ," ಎಂದು ಪುಟ್ಟಿಗೆ ಹೇಳಿ ಗೀಸರ್ ಆರಿಸಿದರು.

"ಹಾಗಾದ್ರೆ ನೀವ್ಯಾಕೆ ಒಲೆ ಮೇಲೆ ನೀರು ಕಾಯಿಸ್ಕೋತಿದ್ದೀರ ತಾತ?"

"ನನಗೆ ಇರೋ ಬುದ್ಧಿ ಸಾಕು."

ಅಜ್ಜಿ ವಾಷಿಂಗ್ ಮಷಿನ್ನಿಗೆ ಬಟ್ಟೆ ತುಂಬಿದರೆ ತಾತ ಬಂದು ತೆಗೆದು ಬಕೆಟ್ಟಿಗೆ ಹಾಕುತ್ತಿದ್ದರು. "ನಿಮಗೇನು ದೆವ್ವ ಬಡಿದಿದೆಯಾ?" ಎಂದು ಅಜ್ಜಿ ಕೇಳಿದರೆ, "ಒಂದೇ ವಾರ ಕಣೇ, ತಡ್ಕೋ," ಎಂದು ತಾವೇ ಹಿಂಡಲು ಕೂತರು. ಮತ್ತು ಎಲ್ಲರೂ ಮಲಗಿದ ಮೇಲೆ, ಯಾರೂ ಬಾಗಿಲು ತೆಗೆಯದ ಫ್ರಿಜ್ ಸುಮ್ಮನೆ ಗುಂಯ್‌ಗುಟ್ಟುವುದು ಯಾಕೆಂದು ಅದನ್ನೂ ಆರಿಸಿ, ಸೊಸೆ ಏಳುವ ಮೊದಲು ಮತ್ತೆ ಹಾಕುತ್ತಿದ್ದರು.

ಆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಸೊಸೆಯ ಹಿಟ್ಟು ಇರುತ್ತಿತ್ತು. ತಣ್ಣಗೆ, ನಿಧಾನವಾಗಿ ಉಬ್ಬಬೇಕಾದ ಹಿಟ್ಟು. ತಾತನಿಗೆ ಅದು ಹೊಳೆಯಲೇ ಇಲ್ಲ.

ಮೊದಲ ದಿನ ಬ್ರೆಡ್ಡಿನ ನೆತ್ತಿ ಕುಸಿಯಿತು. ಮಾರನೆಯ ದಿನ ಹುಳಿ ವಾಸನೆ ಬಂತು. ಮೂರನೆಯ ದಿನ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ ಫ್ರಿಜ್ಜಿನ ತಟ್ಟೆಯ ಮೇಲೆಲ್ಲ ಹರಿದಿತ್ತು. ಸೊಸೆ ಈಸ್ಟ್ ಬದಲಾಯಿಸಿದಳು, ಹಿಟ್ಟಿನ ಅಂಗಡಿ ಬದಲಾಯಿಸಿದಳು, ಉಪ್ಪು ಹೆಚ್ಚು ಹಾಕಿ ನೋಡಿದಳು. ಕಿಟಕಿಯ ಬಳಿ ಎದುರುಮನೆಯ ದರ್ಜಿ ಮೆಲ್ಲಗೆ, "ಅಕ್ಕ, ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಆ ಕನಿಕರ ತಡೆಯಲಾಗಲಿಲ್ಲ. ಕಿಟಕಿ ಹಾಕಿಕೊಂಡು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಸಾಕು ಬಿಡು," ಎಂದ ಮಗ ಅಂದು ಸಂಜೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಿನಗೂ ದಣಿವಾಗಿದೆ. ಬೇಕರಿಯವರಿಗೆ ಆಯ್ತು ಅಂತ ಹೇಳಿಬಿಟ್ಟಿದ್ದೀನಿ. ಮುಂದಿನ ತಿಂಗಳ ಕೊನೇ ದಿನ ಗಾಡಿ ಕಳಿಸ್ತಾರಂತೆ."

ಸೊಸೆ ಆಗಲಿ ಎಂಬಂತೆ ತಲೆಯಾಡಿಸಿದಳು. ತಾತ ಮಾತ್ರ, "ಸ್ವಲ್ಪ ತಾಳೋ, ಅಳತೆ ಬರಲಿ. ಎಷ್ಟು ಕಡಿಮೆ ಬರುತ್ತೆ ನೋಡು," ಎಂದು ಮೀಸೆಯಡಿಯಲ್ಲಿ ನಕ್ಕರು.

ವಾರ ಮುಗಿದು ಸೋಲಾರ್ ಆಂಟಿ ಬಂದಳು. ಊಟದ ಮೇಜಿನ ಮೇಲೆ ಮೀಟರುಗಳನ್ನೆಲ್ಲ ಸಾಲಾಗಿಟ್ಟುಕೊಂಡು ಒಂದೊಂದನ್ನೇ ಒತ್ತಿ ನೋಡಿದಳು. ಹುಬ್ಬು ಗಂಟಾಯಿತು.

"ಇದರ ಪ್ರಕಾರ ನಿಮಗೆ ಕೆಲವೇ ಸೋಲಾರ್ ಫಲಕ ಸಾಕು. ಆದ್ರೆ ಇಷ್ಟಕ್ಕೆ ಅಷ್ಟೊಂದು ಬಿಲ್ ಬರೋಕೆ ಸಾಧ್ಯವೇ ಇಲ್ಲ. ಗೀಸರು ಒಂದು ದಿನವೂ ಹಾಕಿಲ್ಲ. ವಾಷಿಂಗ್ ಮಷಿನ್ ಕೂಡ. ಮತ್ತೆ..." ಫ್ರಿಜ್ಜಿನ ಮೀಟರನ್ನು ಬೆಳಕಿಗೆ ಹಿಡಿದಳು. "ಇದೇನಿದು? ನಿಮ್ಮ ಫ್ರಿಜ್ ರಾತ್ರಿ ಹೊತ್ತು ನಿದ್ದೆ ಮಾಡುತ್ತಾ?"

ಎಲ್ಲರ ತಲೆ ಒಟ್ಟಿಗೆ ತಾತನ ಕಡೆ ತಿರುಗಿತು.

"ನಾನೇ ಆರಿಸ್ತಿದ್ದೆ," ಎಂದರು ತಾತ, ಇನ್ನೂ ಅರ್ಧ ಹೆಮ್ಮೆಯಲ್ಲೇ. "ಲೆಕ್ಕ ಕಡಿಮೆ ಬರಲಿ ಅಂತ."

"ಅಯ್ಯೋ, ಇದು ಪರೀಕ್ಷೆ ಅಲ್ಲ ತಾತ! ಮನೆ ಹೇಗಿದೆಯೋ ಹಾಗೆ ಗೊತ್ತಾಗ್ಬೇಕು. ದರ್ಜಿ ಅಳತೆ ತಗೋಳ್ಳುವಾಗ ಹೊಟ್ಟೆ ಒಳಗೆಳ್ಕೊಂಡ್ರೆ ಆಮೇಲೆ ಅಂಗಿ ಹಾಕ್ಕೊಳ್ಳೋದು ಯಾರು?"

ಪುಟ್ಟಿ ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ರಾತ್ರಿ ಫ್ರಿಜ್ ಆರಿಸ್ತಿದ್ರಾ ಮಾವ? ದಿನಾನೂ?"

ಆಗ ತಾತನಿಗೆ ಹೊಳೆಯಿತು. ಕುಸಿದ ಬ್ರೆಡ್ಡು, ಹುಳಿ ವಾಸನೆ, ಹರಿದ ಹಿಟ್ಟು, ಎಲ್ಲವೂ ಒಂದರ ಹಿಂದೊಂದು ಕಣ್ಣಮುಂದೆ ಬಂದು ನಿಂತವು.

"ನನ್ನ ಕೈಯೇ ಕೆಟ್ಟುಹೋಯ್ತು ಅಂದ್ಕೊಂಡಿದ್ದೆ," ಎಂದಳು ಸೊಸೆ. ದನಿ ಏರುತ್ತಾ ಹೋಯಿತು. ಮದುವೆಯಾಗಿ ಬಂದಮೇಲೆ ಮಾವನ ಮುಂದೆ ಅವಳು ಹೀಗೆ ಮಾತಾಡಿದ್ದಿಲ್ಲ. "ಇನ್ನು ನನ್ನಿಂದಾಗಲ್ಲ, ಅವರ ಬೇಕರಿಗೇ ಹೋಗಿ ಬಿದ್ದಿರ್ತೀನಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಒಂದು ಮಾತು ಕೇಳ್ಬಾರದಿತ್ತಾ ಮಾವ? ಬಾಯಲ್ಲಿ ಓವನ್ ಉಳೀಲಿ ಅಂತೀರ, ಕೈಯಲ್ಲಿ ಅದರ ಕತ್ತು ಹಿಸುಕ್ತೀರ!"

"ಏಯ್, ಅಪ್ಪನ ಹತ್ತಿರ..." ಎಂದು ಮಗ ಶುರುಮಾಡಿದ.

"ನೀನು ಸುಮ್ಮನಿರೋ," ಎಂದರು ತಾತ. "ಅವಳು ಹೇಳ್ತಿರೋದು ಸರಿಯಾಗೇ ಇದೆ." ಅವರ ಕಿವಿ ಕೆಂಪಾಗಿತ್ತು. ಅಷ್ಟು ವರ್ಷ ಬಸ್ ಓಡಿಸಿ ಒಂದು ಕೋಳಿಯನ್ನೂ ತುಳಿಯದವರಿಗೆ ತಮ್ಮ ಮನೆಯೊಳಗೇ ಹೀಗೆ ಮಾಡಿದೆನಲ್ಲ ಎಂದು ಸಂಕಟವಾಯಿತು. "ತಪ್ಪಾಯ್ತು ಕಣಮ್ಮ. ನನಗೆ ಕಡಿಮೆ ಮಾಡೋದು ಬಿಟ್ಟು ಬೇರೆ ಗೊತ್ತಿಲ್ಲ. ನಿನ್ನ ಕೈ ಕೆಟ್ಟಿಲ್ಲ, ನನ್ನ ತಲೆ ಕೆಟ್ಟಿತ್ತು. ಇನ್ನೊಂದು ವಾರ ಅಳೀರಿ ಮೇಡಂ. ಈ ಸಲ ನಾನು ಸ್ವಿಚ್ಚಿನ ತಂಟೆಗೆ ಬಂದ್ರೆ ಕೇಳಿ."

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಮಾವನಿಗೆ ಎರಡನೆಯ ಸಲ ಬೇಕೇ ಎಂದು ಕೇಳಲಿಲ್ಲ.

ಎರಡನೆಯ ವಾರ ತಾತ ಪಟ್ಟ ಪಾಡು ಶತ್ರುವಿಗೂ ಬೇಡ. ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅವರ ಕೈ ತಾನಾಗಿಯೇ ಮೇಲೇಳುತ್ತಿತ್ತು, ಇನ್ನೊಂದು ಕೈಯಿಂದ ಹಿಡಿದು ಇಳಿಸುತ್ತಿದ್ದರು. ಪುಟ್ಟಿ ಬೇಕೆಂದೇ ಬಚ್ಚಲ ದೀಪ ಉರಿಸಿಟ್ಟು ಬಂದು, "ತಾತ, ಲೈಟ್ ಇದೆ!" ಎಂದು ಕುಣಿಯುವಳು.

"ಇರಲಿ ಬಿಡು," ಎನ್ನುವಾಗ ತಾತನ ಮುಖ ಬೇವು ಅಗಿದಂತಾಗುತ್ತಿತ್ತು.

"ಇವರನ್ನ ಮನೆಯಲ್ಲಿಟ್ಕೊಂಡ್ರೆ ಸತ್ತೇ ಹೋಗ್ತಾರೆ, ತಾರಸಿಗೆ ಕಳಿಸಿ," ಎಂದರು ಅಜ್ಜಿ. ತಾರಸಿಯಲ್ಲಿ ಕೆಲಸವೂ ಇತ್ತು. ನೀರಿನ ಟ್ಯಾಂಕಿನ ನೆರಳು ಎಲ್ಲೆಲ್ಲಿ ಬೀಳುತ್ತದೋ ಅಲ್ಲಿ ಫಲಕ ಹಾಕಿದರೆ ದಂಡ ಎಂದು ಸೋಲಾರ್ ಆಂಟಿ ಹೇಳಿದ್ದಳು. ತಾತ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಸೀಮೆಸುಣ್ಣ ಹಿಡಿದು, ನೆರಳು ಸರಿದಂತೆಲ್ಲ ಅದರ ಅಂಚಿಗೆ ಗೆರೆ ಎಳೆಯುತ್ತಾ ಕೂತರು. ಸಂಜೆಯ ಹೊತ್ತಿಗೆ ಅರ್ಧ ತಾರಸಿಯ ತುಂಬ ಗೆರೆಗಳು. ಸೊಸೆ ಬಟ್ಟೆ ತೆಗೆಯಲು ಬಂದವಳು ನೋಡಿ ನಿಂತಳು.

"ಈ ಕಡೆ ಅರ್ಧಕ್ಕೆ ಯಾವ ಹೊತ್ತಲ್ಲೂ ನೆರಳಿಲ್ಲ ನೋಡಮ್ಮ," ಎಂದರು ತಾತ. "ಮಧ್ಯಾಹ್ನ ಅಂತೂ ಕಾಲಿಡೋಕಾಗಲ್ಲ, ಕಾವಲಿ ಆಗಿರುತ್ತೆ."

ಸೊಸೆ ಆ ಜಾಗಕ್ಕೆ ಹೋಗಿ ಚಪ್ಪಲಿ ಬಿಟ್ಟು ಬರಿಗಾಲಿಟ್ಟಳು. ಬಿಸಿ ಇನ್ನೂ ಆರಿರಲಿಲ್ಲ. "ಒಳಗೆ ಬನ್ನಿ ಮಾವ, ಚಹಾ ಮಾಡ್ತೀನಿ," ಎಂದಳು. ವಾರದಿಂದ ಅವಳಾಗಿ ಆಡಿದ ಮೊದಲ ಮಾತು ಅದು.

ಈ ಸಲದ ಲೆಕ್ಕ ಬಿಲ್ಲಿಗೆ ಸರಿಯಾಗಿ ತಾಳೆಯಾಯಿತು. ತಾಳೆಯಾದದ್ದೇ ಹೊಸ ತಲೆನೋವು. ಸೋಲಾರ್ ಆಂಟಿ ಗಲ್ಲ ಕೆರೆದುಕೊಂಡಳು. "ಅರ್ಧಕ್ಕರ್ಧ ಓವನ್ನೇ. ಅದೂ ಬೆಳಗಿನ ಜಾವ, ಸೂರ್ಯ ಹುಟ್ಟೋ ಮೊದಲು. ಆಗ ಬೇಕಂದ್ರೆ ಬ್ಯಾಟರಿ ಇಡ್ಬೇಕು. ಅದಕ್ಕೆ ಫಲಕಕ್ಕಿಂತ ಹೆಚ್ಚಾಗುತ್ತೆ."

"ಹಗಲು ಹುಟ್ಟಿದ ಕರೆಂಟನ್ನ ಲೈನಿಗೆ ಕೊಟ್ಟು, ಬೆಳಗಿನ ಜಾವ ವಾಪಸ್ ತಗೊಂಡ್ರೆ?" ಎಂದು ಕೇಳಿದಳು ಸೊಸೆ.

"ಇಲ್ಲಿ ಕೊಟ್ಟಿದ್ದಕ್ಕೆ ಚಿಲ್ಲರೆ ಸಿಗುತ್ತೆ, ತಗೊಂಡಿದ್ದಕ್ಕೆ ನೋಟು ಎಣಿಸ್ಬೇಕು. ಹುಟ್ಟಿದಾಗಲೇ ಬಳಸಿದ್ರೆ ಮಾತ್ರ ಲಾಭ."

"ಅಲ್ಲಿಗೆ ಮುಗೀತು," ಎಂದು ಮಗ ಎದ್ದ.

"ಕೂತ್ಕೊಳ್ಳಿ," ಎಂದಳು ಸೊಸೆ. ಮೇಜಿನ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. "ಜಾವದಲ್ಲೇ ಯಾಕೆ ಬೇಯಿಸ್ಬೇಕು? ಬೇಕರಿ ಬ್ರೆಡ್ ಬೆಳಿಗ್ಗೆ ಬರುತ್ತೆ ಅಂತ ನಾನೂ ಬೆಳಿಗ್ಗೆ ಕೊಡ್ತಿದ್ದೆ, ಅಷ್ಟೇ. ಸೂರ್ಯ ನೆತ್ತಿ ಮೇಲಿದ್ದಾಗ ಓವನ್ ಹಾಕ್ತೀನಿ. ಸ್ಕೂಲು, ಆಫೀಸು ಬಿಟ್ಟು ಜನ ಹಸ್ಕೊಂಡು ಬರೋ ಹೊತ್ತಿಗೆ ಕಿಟಕಿ ತೆಗೀತೀನಿ. ಬಿಸಿಬಿಸಿ."

"ಸಂಜೆ ಯಾರು ಬ್ರೆಡ್ ಕೊಳ್ತಾರೆ?"

"ಅದು ನನಗೆ ಬಿಡು," ಎಂದರು ಅಜ್ಜಿ. "ಈ ಬೀದಿಯಲ್ಲಿ ನನ್ನ ಬಾಯಿಗೆ ಹೆದರಿಯಾದ್ರೂ ಕೊಳ್ತಾರೆ."

ಮಗನಿಗೆ ಇನ್ನೂ ನಂಬಿಕೆಯಿರಲಿಲ್ಲ. ಮನೆಯಲ್ಲಿ ಮಾತು ಕೊಟ್ಟಿದ್ದೇನಲ್ಲ ಎಂದು ದುಡ್ಡು ಬಿಚ್ಚಿದ, ಆದರೆ ಬೇಕರಿಯವರಿಗೆ ಬೇಡ ಎಂದು ಹೇಳಲಿಲ್ಲ. "ಒಂದು ಬಾಗಿಲು ತೆರೆದಿರಲಿ," ಎಂದ.

ಮುಂದಿನ ವಾರಗಳಲ್ಲಿ ಮನೆಯೇ ಬದಲಾಯಿತು. ಕಬ್ಬಿಣದ ಚೌಕಟ್ಟು ಬಂತು, ಫಲಕಗಳು ಒಂದೊಂದಾಗಿ ತಾರಸಿಗೇರಿದವು. ಸೊಸೆ ಹಿಟ್ಟು ನಾದುವ ಹೊತ್ತನ್ನು ಬದಲಿಸಿಕೊಂಡು ಮೊದಲ ಬಾರಿಗೆ ಬೆಳಕು ಹರಿಯುವವರೆಗೆ ಮಲಗಿದಳು. ಅಜ್ಜಿ ತರಕಾರಿ ತರಲು ಹೋದ ಕಡೆಯಲ್ಲೆಲ್ಲ, "ಬೆಳಿಗ್ಗೆ ಕೊಂಡಿದ್ದು ಸಂಜೆ ತಣ್ಣಗಾದ್ಮೇಲೆ ತಿಂದು ಸಾಕಾಗಿಲ್ವಾ? ಇನ್ನುಮೇಲೆ ಸಂಜೆ ಬನ್ನಿ," ಎಂದು ಗದರಿಸಿದಂತೆ ಕರೆದು ಬಂದರು. ವಿದ್ಯುತ್ ಕಚೇರಿಯವರು ಬಂದು ನೋಡಿ ಒಪ್ಪಿಗೆ ಕೊಡುವುದು ಮಾತ್ರ ನಾಳೆ, ನಾಡಿದ್ದು ಎಂದು ಮುಂದೆ ಹೋಗುತ್ತಲೇ ಇತ್ತು. ಕೊನೆಗೆ ಒಪ್ಪಿಗೆ ಸಿಕ್ಕಾಗ ಬೇಕರಿಯವರು ಹೇಳಿದ್ದ ತಿಂಗಳ ಕೊನೆಯ ದಿನ ಬಂದುಬಿಟ್ಟಿತ್ತು.

ಅಂದು ಮಧ್ಯಾಹ್ನ ಸೊಸೆ ಓವನ್ ಹಾಕಿದಳು. ತಾತ ಜಗಲಿಯ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡರು. ಲೈನಿನ ಕರೆಂಟ್ ಎಳೆದಷ್ಟೂ ಮಿಣುಕುವ ಕೆಂಪು ದೀಪ ಅದರಲ್ಲಿತ್ತು. ಇಷ್ಟು ದಿನ ಓವನ್ ಹಾಕಿದಾಗಲೆಲ್ಲ ಅದು ಹುಚ್ಚು ಹಿಡಿದಂತೆ ಮಿಣುಕುತ್ತಿತ್ತು. ಈಗ ಓವನ್ ಒಳಗೆ ಕೆಂಪಗೆ ಕಾದಿತ್ತು, ಫ್ರಿಜ್ ಗುಂಯ್‌ಗುಡುತ್ತಿತ್ತು, ಅಜ್ಜಿಯ ಮಷಿನ್ ಬಟ್ಟೆ ತಿರುವುತ್ತಿತ್ತು. ಕೆಂಪು ದೀಪ ಮಿಣುಕಲಿಲ್ಲ.

"ಕೆಟ್ಟಿದೆಯೇನೋ," ಎಂದು ತಾತ ಮೀಟರಿನ ಗಾಜನ್ನು ತಟ್ಟಿದರು. ಮಿಣುಕಲಿಲ್ಲ. ಒಳಗೆ ಹೋಗಿ ಓವನ್ನಿನ ಶಾಖಕ್ಕೆ ಅಂಗೈ ಒಡ್ಡಿದರು, ಮತ್ತೆ ಹೊರಗೆ ಓಡಿಬಂದು ನೋಡಿದರು. ಮಿಣುಕಲಿಲ್ಲ. "ಲೇ! ಬಾರೇ ಇಲ್ಲಿ! ಇಷ್ಟೆಲ್ಲ ಓಡ್ತಿದೆ, ಒಂದು ಹನಿ ಡೀಸೆಲ್ ಖರ್ಚಿಲ್ಲ ಕಣೇ!" ಎಂದು ಅವರು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಅದೇ ಹೊತ್ತಿಗೆ ಮನೆಯ ಮುಂದೆ ಒಂದು ಸಣ್ಣ ಲಾರಿ ಬಂದು ನಿಂತಿತು. ಬಾಗಿಲ ಮೇಲೆ ದೊಡ್ಡ ಬೇಕರಿಯ ಹೆಸರು. ಹಗ್ಗ, ಗೋಣಿಚೀಲ ಹಿಡಿದ ಇಬ್ಬರು ಹಿಂದಿನಿಂದ ಧುಮುಕಿದರು.

"ಓವನ್ ತಗೊಂಡು ಹೋಗೋಕೆ ಬಂದಿದ್ದೀವಿ ಯಜಮಾನ್ರೇ," ಎಂದ ಲಾರಿ ಡ್ರೈವರು.

ಸೊಸೆ ಬಾಗಿಲಿಗೆ ಬಂದಳು. ಮೈಯೆಲ್ಲ ಹಿಟ್ಟು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡಿದ್ದಳು. ತಾತ ಬಾಯಿ ತೆರೆಯುವಷ್ಟರಲ್ಲಿ ತಾನೇ ಮುಂದೆ ನಿಂತಳು.

"ಎತ್ಕೊಂಡು ಹೋಗಿ ಅಣ್ಣ. ಆದ್ರೆ ಮುಟ್ಟಿ ನೋಡಿ, ಕಾದ ಕೆಂಡ ಆಗಿದೆ. ಆರೋ ಹೊತ್ತಿಗೆ ಸಂಜೆ ಆಗುತ್ತೆ. ನಾಳೆ ಬಂದ್ರೂ ಇದೇ ಹೊತ್ತಲ್ಲಿ ಬಿಸಿಯಾಗಿರುತ್ತೆ. ನಾಡಿದ್ದೂ ಅಷ್ಟೇ. ನಿಮ್ಮ ಧಣಿಗೆ ಹೇಳಿ, ಈ ಓವನ್ನಿಗೆ ಬಿಡುವಿಲ್ಲ."

"ಮತ್ತೆ ನೀವು ಕೆಲಸಕ್ಕೆ ಬರ್ತೀರ ಅಂದ್ರಲ್ಲ?"

"ನನಗೆ ಇಲ್ಲೇ ಕೆಲಸ ಇದೆ."

ಲಾರಿ ಡ್ರೈವರು ತಾತನ ಮುಖ ನೋಡಿದ. ತಾತ ಸೊಸೆಯ ಮುಖ ನೋಡುತ್ತಿದ್ದರು. ಅವರ ಕಣ್ಣು ತುಂಬಿಬಂದಿತ್ತು, ಮರೆಸುವ ಗೋಜಿಗೂ ಹೋಗಲಿಲ್ಲ. ಅಷ್ಟರಲ್ಲಿ ಓವನ್ನಿನ ಗಂಟೆ ಹೊಡೆಯಿತು, ಸೊಸೆ ಒಳಗೆ ಹೋಗಿ ಅದರ ಬಾಗಿಲು ತೆಗೆದಳು, ಘಮ ಜಗಲಿ ದಾಟಿ ಲಾರಿಯವರೆಗೂ ಹೋಯಿತು. ನೆತ್ತಿ ಕುಸಿಯದ, ಹೊಂಬಣ್ಣದ, ದುಂಡು ಕೆನ್ನೆಯ ಬ್ರೆಡ್ಡುಗಳು. ಹಗ್ಗ ಹಿಡಿದಿದ್ದವನು ಹಗ್ಗವನ್ನು ಕಂಕುಳಿಗೆ ಸೇರಿಸಿ, "ಅಕ್ಕ, ಒಂದು ಎಷ್ಟು?" ಎಂದು ಕೇಳಿದ. ದೊಡ್ಡ ಬೇಕರಿಯ ಲಾರಿ ಅಂದು ಓವನ್ ಇಲ್ಲದೆ, ಮೂರು ಬ್ರೆಡ್ಡು ಹೊತ್ತುಕೊಂಡು ಹೋಯಿತು.

ಸಂಜೆ ಕಿಟಕಿ ತೆಗೆದಾಗ ಮೊದಲು ಬಂದವನು ಎದುರುಮನೆಯ ದರ್ಜಿ. ಅಲ್ಲೇ ಮುರಿದು, ಅಲ್ಲೇ ತಿಂದು, ಇನ್ನೆರಡು ಕೊಂಡ. ಅವನ ಹಿಂದೆ ಸ್ಕೂಲಿನ ಮಕ್ಕಳು, ಅವರ ಹಿಂದೆ ಬಸ್ಸಿಳಿದ ಆಫೀಸಿನವರು. ಅಜ್ಜಿ ಬಾಗಿಲಲ್ಲಿ ನಿಂತು ಸಾಲು ಸರಿಮಾಡಿದರು, ತಾತ ಕಾಗದದಲ್ಲಿ ಸುತ್ತಿ ಕೊಟ್ಟರು. ಕತ್ತಲಾಗುವ ಮೊದಲೇ ತಟ್ಟೆಗಳೆಲ್ಲ ಖಾಲಿ.

ಆಮೇಲೆ ಬಂದ ಮಗ, ಬೀದಿಯ ತಿರುವಿನಿಂದಲೇ ಘಮ ಹಿಡಿದುಕೊಂಡು. ಬೇಕರಿಯ ಮಾಲೀಕ ಫೋನಿನಲ್ಲಿ ಅವನಿಗೆ ಚೆನ್ನಾಗಿಯೇ ಮಂಗಳಾರತಿ ಮಾಡಿದ್ದ, ಮುಖ ಸಪ್ಪಗಿತ್ತು. ಆದರೂ ಹಸಿವು ಹಸಿವೇ. ಕೈತೊಳೆದು ಬಂದು ತಟ್ಟೆ ಎಳೆದುಕೊಂಡ.

"ನನಗೊಂದು ತುಂಡು?"

"ಮುಗೀತು ರೀ," ಎಂದಳು ಸೊಸೆ.

"ಒಂದೂ ಇಲ್ವಾ? ಮನೆಯವನಿಗೂ ಇಲ್ವಾ?"

ಸೊಸೆ ಕಿಟಕಿಯ ಕೆಳಗೆ ಬಿದ್ದ ಪುಡಿಯನ್ನು ಗುಡಿಸುತ್ತಾ, ತಲೆಯೆತ್ತದೆ, "ನಾಳೆ ಸ್ವಲ್ಪ ಬೇಗ ಬನ್ನಿ," ಎಂದಳು. "ಸಾಲಲ್ಲಿ ನಿಂತ್ಕೊಳ್ಳಿ. ಎಲ್ಲರಿಗೂ ಸಿಕ್ಕ ಹಾಗೆ ನಿಮಗೂ ಸಿಗುತ್ತೆ."